ಪಂಪ್ ಇದ್ದವನೇ ಕೋಚ್

ನಾನು ಬಾಸ್ಕೆಟ್‌ಬಾಲ್ ಕೋಚ್ ಆದದ್ದು ಆಟ ಬರುತ್ತದೆ ಅಂತ ಅಲ್ಲ. ಸುತ್ತಮುತ್ತಲ ಮನೆಗಳಲ್ಲೆಲ್ಲ ಚೆಂಡಿಗೆ ಗಾಳಿ ಹೊಡೆಯುವ ಪಂಪ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಅದಕ್ಕೆ.

ಮೊದಮೊದಲು ಮಕ್ಕಳು ಮನೆ ಬಾಗಿಲಿಗೆ ಬಂದು ಗಾಳಿ ಹೊಡೆಸಿಕೊಂಡು ಹೋಗುತ್ತಿದ್ದರು. ಆಮೇಲೆ, "ಅಂಕಲ್, ಕೋರ್ಟಿಗೇ ಪಂಪ್ ತಂದುಬಿಡಿ" ಎಂದರು. ತಂದೆ. ಸುಮ್ನೆ ಪಂಪ್ ಹಿಡಿದು ನಿಂತಿದ್ದವನ ಕೈಗೆ ಯಾರೋ ಒಂದು ವಿಸಿಲ್ ಕೊಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ದಾರಿಯಲ್ಲಿ ತಡೆದು, "ನಮ್ಮವನು ಹೇಗೆ ಆಡ್ತಾನೆ ಸರ್?" ಎಂದು ಕೇಳತೊಡಗಿದರು. ಸರ್ ಅನ್ನಿಸಿಕೊಂಡ ಮೇಲೆ ಪಂಪ್ ಎತ್ತಿಕೊಂಡು ಓಡಿಹೋಗುವುದು ಚೆನ್ನಾಗಿರಲ್ಲ ಅಲ್ವಾ?

ಹಾಗಂತ ಪಂಪ್ ಹೊಡೆಯುವುದೂ ನನಗೆ ಸರಿಯಾಗಿ ಬರುತ್ತಿರಲಿಲ್ಲ. ಸೂಜಿಯನ್ನು ಒದ್ದೆ ಮಾಡಿಕೊಂಡು ಚೆಂಡಿಗೆ ಚುಚ್ಚಬೇಕು ಅಂತ ಗೊತ್ತಾಗುವಷ್ಟರಲ್ಲಿ ಮೂರು ಸೂಜಿ ಮುರಿದಿದ್ದೆ. ಗಾಳಿ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಸುಲಭದ ಲೆಕ್ಕವಿದೆ. ತಲೆಯ ಎತ್ತರದಿಂದ ಚೆಂಡನ್ನು ಬಿಟ್ಟರೆ ಅದು ಪುಟಿದು ಸೊಂಟದ ಹತ್ತಿರಕ್ಕೆ ಬರಬೇಕು. ಇದನ್ನು ಮಕ್ಕಳಿಗೆ ಹೇಳಿದೆ.

"ಯಾರ ತಲೆ, ಯಾರ ಸೊಂಟ ಸರ್?" ಎಂದ ಒಬ್ಬ. ನ್ಯಾಯವಾದ ಪ್ರಶ್ನೆಯೇ.

"ನನ್ನ ತಲೆ, ನನ್ನ ಸೊಂಟ."

ಅವನು ನನ್ನನ್ನು ಮುಂದಿನಿಂದ ನೋಡಿದ. ಪಕ್ಕದಿಂದಲೂ ನೋಡಿದ. "ನಿಮ್ಮ ಸೊಂಟ ಎಲ್ಲಿದೆ ಸರ್?" ಎಂದ. ಅವತ್ತಿನಿಂದ ಅವನ ಮೇಲೆ ನನಗೆ ಒಂದು ಕಣ್ಣು. ಇನ್ನು ಮುಂದೆ ಅವನನ್ನು ಪ್ರಶ್ನೆ ಹುಡುಗ ಎನ್ನುತ್ತೇನೆ.

ಕೋರ್ಟ್ ಅಂದೆನಲ್ಲ, ಅದರ ಕಥೆಯೂ ಇಷ್ಟೇ. ಎರಡು ರಿಂಗ್ ಇದ್ದವು. ಒಂದಕ್ಕೆ ಯಾರೋ ನೇತಾಡಿ ನೇತಾಡಿ ಅದು ನೆಲ ನೋಡುತ್ತಿತ್ತು. ನೆಟ್ಟಗಿದ್ದದ್ದು ಗೇಟಿನ ಕಡೆಯದು ಮಾತ್ರ. ಹಾಗಾಗಿ ಎರಡು ತಿಂಗಳು ನಾನು ಬಾಯಿ ಬಿಟ್ಟರೆ ಬರುತ್ತಿದ್ದದ್ದು ಒಂದೇ ಮಾತು: "ಗೇಟಿನ ಕಡೆ ರಿಂಗಿಗೆ ಹಾಕ್ರೋ, ಗೇಟಿನ ಕಡೆ!"

ಮಕ್ಕಳು ಹನ್ನೆರಡು, ಚೆಂಡು ಏಳು. ಆ ಏಳರಲ್ಲಿ ನಾಲ್ಕು ದೊಡ್ಡವರು ಆಡುವ 7ನೇ ಸೈಜಿನವು. ಒಂದೊಂದೂ ಅರ್ಧ ಕಿಲೋಗಿಂತ ಜಾಸ್ತಿ ತೂಗುತ್ತವೆ. ಎಂಟು ವರ್ಷದವನು ಅದನ್ನು ತಲೆಯ ಮೇಲೆ ಎತ್ತಿ ಎಸೆದರೆ, ಚೆಂಡಿಗಿಂತ ಮೊದಲು ಅವನೇ ಹಿಂದಕ್ಕೆ ಹೋಗುತ್ತಾನೆ. ಮಕ್ಕಳಿಗೆ 5ನೇ ಸೈಜ್ ಬೇಕು. ಅವು ಎರಡೇ ಇದ್ದವು. ಇನ್ನೊಂದು ಫುಟ್‌ಬಾಲ್. "ಇದೂ ದುಂಡಗೇ ಇದೆಯಲ್ಲ ಸರ್" ಎಂದ, ತಂದವನು.

ಮೊದಲ ದಿನವೇ ಗೊತ್ತಾದ ಸತ್ಯ: ಮಗುವಿನ ಕೈಯಲ್ಲಿ ಚೆಂಡಿದ್ದಾಗ ಕಿವಿ ಕೆಲಸ ಮಾಡುವುದಿಲ್ಲ. ಏಳು ಚೆಂಡು ಒಟ್ಟಿಗೆ ಪುಟಿಯುವಾಗ ಆಗುವ ಸದ್ದಿನಲ್ಲಿ ನನ್ನ ವಿಸಿಲ್ ನನಗೇ ಕೇಳಿಸಲಿಲ್ಲ. ಮಾರನೇ ದಿನ ಉಪಾಯ ಮಾಡಿದೆ. "ನಾನು ಕೈ ಎತ್ತಿದ ತಕ್ಷಣ ಚೆಂಡಿಗೆ ನಿದ್ದೆ ಬರುತ್ತೆ. ತೊಡೆ ಮೇಲೆ ಮಲಗಿಸಿಕೊಂಡು ಕೂತ್ಕೋಬೇಕು" ಎಂದೆ. ಮಂತ್ರ ಹಾಕಿದ ಹಾಗೆ ಎಲ್ಲರೂ ಕೂತರು. ಕೋರ್ಟೆಲ್ಲ ಮೌನ. ಆ ಮೌನದಲ್ಲಿ ನನಗೆ ಹೇಳಬೇಕಾದದ್ದೇ ಮರೆತುಹೋಯಿತು. ಮೌನ ಸಿಗುತ್ತದೆ ಅಂತ ನಾನು ತಯಾರಾಗಿಯೇ ಬಂದಿರಲಿಲ್ಲ.

ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತಾ ಸಾಗುವುದು, ಕಲಿಸುವಾಗ ಎಲ್ಲ ಕೋಚ್‌ಗಳೂ ಹೇಳುವ ಮಾತೊಂದಿದೆ: ಚೆಂಡನ್ನು ನೋಡಬೇಡಿ, ತಲೆ ಎತ್ತಿ. ನಾನೂ ಹೇಳಿದೆ. ಹನ್ನೆರಡು ತಲೆ ಮೇಲೆದ್ದವು. ಏಳು ಚೆಂಡು ಏಳು ದಿಕ್ಕಿಗೆ ಉರುಳಿಹೋದವು. ಒಬ್ಬರೂ ಅವುಗಳ ಕಡೆ ನೋಡಲಿಲ್ಲ. ಸರ್ ನೋಡಬೇಡಿ ಅಂದಿದ್ದಾರಲ್ಲ.

ತಲೆ ಎತ್ತಿಸುವುದಕ್ಕೆ ಇನ್ನೊಂದು ಪಾಠವಿದೆ. ಕೋಚ್ ಬೆರಳು ತೋರಿಸುತ್ತಾನೆ, ಮಕ್ಕಳು ಚೆಂಡು ಪುಟಿಸುತ್ತಲೇ ಎಷ್ಟು ಬೆರಳು ಅಂತ ಕೂಗಬೇಕು. ಒಂದು ವಾರ ಮಾಡಿಸಿದೆ. ಎಲ್ಲರೂ ಪ್ರತಿಸಲವೂ ಸರಿಯಾಗಿ ಕೂಗುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ನೋಡಲು ಬಂದ ಒಬ್ಬ ತಂದೆಗೆ, "ಚೆಂಡಿನ ಕಡೆ ಒಂದು ಸಲವೂ ನೋಡಲ್ಲ ನೋಡಿ" ಎಂದೆ. ಆಗ ಗಮನಿಸಿದೆ. ಎಲ್ಲರೂ ಚೆಂಡನ್ನೇ ನೋಡುತ್ತಿದ್ದರು. ನೆಲ ನೋಡಿಕೊಂಡೇ "ಮೂರು!" ಎಂದು ಕೂಗುತ್ತಿದ್ದರು. ಪ್ರಶ್ನೆ ಹುಡುಗನನ್ನು ಕರೆದು ಕೇಳಿದೆ, ನೋಡದೆ ಹೇಗೆ ಗೊತ್ತಾಗುತ್ತೆ ಅಂತ.

"ನೀವು ಯಾವಾಗ್ಲೂ ಮೂರೇ ತೋರಿಸ್ತೀರಲ್ಲ ಸರ್."

ನಿಜ. ವಿಸಿಲ್ ಹಿಡಿದ ಕೈಯೇ ಬೆರಳು ತೋರಿಸುವ ಕೈ. ಹೆಬ್ಬೆರಳು, ತೋರುಬೆರಳು ವಿಸಿಲ್‌ಗೆ ಹೋದರೆ ಮಿಕ್ಕಿದ್ದು ಮೂರೇ ತಾನೆ?

ಆಮೇಲೆ ಲೇ-ಅಪ್. ಬಲಗೈಯವರು ಓಡುತ್ತಾ ಬಂದು ಚೆಂಡು ಹಿಡಿದು, ಬಲಗಾಲು, ಎಡಗಾಲು ಇಟ್ಟು, ಹಾರಿ, ಬೋರ್ಡಿಗೆ ಮೆಲ್ಲಗೆ ತಾಗಿಸಿ ಹಾಕಬೇಕು. ಬಾಯಲ್ಲಿ ಹೇಳಿದರೆ ಅರ್ಥವಾಗಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಹೆಜ್ಜೆಗಳನ್ನು ಬರೆದೆ. ಬರೆದು ತಲೆ ಎತ್ತುವಷ್ಟರಲ್ಲಿ ಅದರ ಮೇಲೆ ಕುಂಟಾಬಿಲ್ಲೆ ಶುರುವಾಗಿತ್ತು. ಕೊನೆಗೆ, "ಎಲ್ಲ ಪಕ್ಕಕ್ಕೆ ನಿಲ್ಲಿ, ನಾನೇ ತೋರಿಸ್ತೀನಿ" ಎಂದೆ. ಜೀವನದಲ್ಲಿ ಕೆಲವು ಮಾತು ಆಡಬಾರದು.

ಓಡಿದೆ. ಬಲಗಾಲು ಬಂತು. ಎಡಗಾಲೂ ಬಂತು. ಹಾರಬೇಕಿದ್ದ ಕ್ಷಣದಲ್ಲಿ ಬಲಗಾಲು ಮತ್ತೆ ಬಂತು, ಅದರ ಹಿಂದೆ ಎಡಗಾಲು, ಹೀಗೆ ಅವು ತಮ್ಮಷ್ಟಕ್ಕೆ ಬರುತ್ತಲೇ ಇದ್ದವು. ಚೆಂಡು ಬೋರ್ಡಿನ ಮೇಲಿಂದ ಆಚೆ ಹೋಯಿತು. ನಾನು ಬೋರ್ಡಿನ ಕೆಳಗಿಂದ ಆಚೆ ಹೋದೆ. ತಿರುಗಿ ನೋಡಿದರೆ ಹನ್ನೆರಡೂ ಮಕ್ಕಳು ಸಾಲಾಗಿ ನಿಂತು ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಿದ್ದರು. ಟ್ರಾವೆಲಿಂಗ್‌ಗೆ, ಅಂದರೆ ಚೆಂಡು ಹಿಡಿದು ಮಿತಿಮೀರಿ ಹೆಜ್ಜೆ ಹಾಕುವ ತಪ್ಪಿಗೆ, ರೆಫ್ರಿ ತೋರಿಸುವ ಸನ್ನೆ. ಹಿಂದಿನ ದಿನ ನಾನೇ ಹೇಳಿಕೊಟ್ಟಿದ್ದೆ. ಹೇಳಿಕೊಟ್ಟಿದ್ದರಲ್ಲಿ ಅವರು ಮರೆಯದೆ ಇದ್ದದ್ದು ಅದೊಂದೇ.

ಆ ರಾತ್ರಿ ಬೆನ್ನಿಗೆ ಮುಲಾಮು ಹಚ್ಚಿಕೊಂಡು ಈ ಆಟದ ಹಳೆಯ ಕಥೆಗಳನ್ನು ಓದುತ್ತಾ ಮಲಗಿದೆ. 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರ ಕೈಗೆ ಚಳಿಗಾಲದಲ್ಲಿ ಒಳಗೇ ಇದ್ದು ರೇಗಿಹೋಗಿದ್ದ 18 ಹುಡುಗರನ್ನು ಒಪ್ಪಿಸಿದ್ದರು. ಅವರು 13 ನಿಯಮ ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಜಿಮ್‌ನ ಬಾಲ್ಕನಿಗೆ ಹೊಡೆಸಿದರು. ಬಾಲ್ಕನಿ ಇದ್ದದ್ದು 10 ಅಡಿ ಎತ್ತರದಲ್ಲಿ. ರಿಂಗ್ ಇವತ್ತಿಗೂ 10 ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲೇ ಇರುವುದು ಅದಕ್ಕೆ. ಆ ಬಾಲ್ಕನಿ ಕಟ್ಟಿದ ಮೇಸ್ತ್ರಿ ಒಂದೆರಡು ಅಡಿ ಕೆಳಗೆ ಕಟ್ಟಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು. ಚಿಕ್ಕ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ಗೆ 2.60 ಮೀಟರ್ ಸಾಕಂತೆ. ನಮ್ಮ ರಿಂಗಿಗೆ ಅದು ಗೊತ್ತಿರಲಿಲ್ಲ.

ಮೊದಲ ಆಟ ಹೇಗಾಯಿತು ಅಂತ ನೈಸ್ಮಿತ್ ಅವರೇ 1939ರಲ್ಲಿ ರೇಡಿಯೋದಲ್ಲಿ ಹೇಳಿದ್ದಾರೆ. ಹುಡುಗರು ಒಬ್ಬರನ್ನೊಬ್ಬರು ಒದ್ದು, ಗುದ್ದಿ, ಕೋರ್ಟಿನ ನಡುವೆ ದೊಂಬಿಯೇ ಆಯಿತಂತೆ. ಒಬ್ಬನಿಗೆ ಪ್ರಜ್ಞೆ ತಪ್ಪಿತ್ತು, ಒಬ್ಬನ ಭುಜ ಜಾರಿತ್ತು. ನನ್ನ ಹತ್ತಿರ ಅಲ್ಲಿಯವರೆಗೆ ಹೋಗಿದ್ದದ್ದು ಒಂದು ಹಲ್ಲು. ಅದೂ ಹಾಲುಹಲ್ಲು, ಆಗಲೇ ಅಲ್ಲಾಡುತ್ತಿತ್ತು. ಇನ್ನೂ ಸಮಾಧಾನದ ವಿಷಯವೆಂದರೆ, ನೈಸ್ಮಿತ್ ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆದರು. 55 ಪಂದ್ಯ ಗೆದ್ದರು, 60 ಸೋತರು. ಆಟ ಹುಟ್ಟಿಸಿದವರ ಪಾಡೇ ಇದು. ಪಂಪ್ ತಂದವನ ಪಾಡು ಯಾರಿಗೆ ಬೇಕು? ಅವತ್ತು ಚೆನ್ನಾಗಿ ನಿದ್ದೆ ಬಂತು.

ತಂಡದಲ್ಲಿ ಒಬ್ಬಳು ಪುಟ್ಟಿ ಇದ್ದಳು. ಒಂಬತ್ತು ವರ್ಷ, ಮಾತು ಕಮ್ಮಿ. ಅವಳು ಫ್ರೀ ಥ್ರೋ (ಎದುರಾಳಿ ತಪ್ಪು ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ನಿಂತು ಎಸೆಯುವ ಚೆಂಡು) ಹಾಕುತ್ತಿದ್ದ ರೀತಿ ನೋಡಿದರೆ ಯಾವ ಕೋಚಿಗೂ ಕಣ್ಣು ಉರಿಯಬೇಕು. ಎರಡು ಕೈಯಲ್ಲಿ ಚೆಂಡನ್ನು ಮೊಣಕಾಲಿನ ನಡುವೆ ಇಳಿಸಿ, ಬಕೆಟ್ ನೀರು ಎರಚುವ ಹಾಗೆ ಕೆಳಗಿಂದ ಮೇಲಕ್ಕೆ ತೂರುತ್ತಿದ್ದಳು. "ಹಾಗಲ್ಲಮ್ಮ. ಮೊಣಕೈ ಚೆಂಡಿನ ಕೆಳಗೆ, ಕಣ್ಣು ರಿಂಗಿನ ಮೇಲೆ, ಕೊನೆಗೆ ಮಣಿಕಟ್ಟು ಬಗ್ಗಬೇಕು" ಎಂದು ಒಂದು ವಾರ ತಿದ್ದಿದೆ. ನಾನು ಹೇಳಿದ ಹಾಗೆ ಹಾಕಿದಾಗ ಚೆಂಡು ರಿಂಗಿನವರೆಗೂ ಹೋಗುತ್ತಿರಲಿಲ್ಲ. ನಾನು ಆ ಕಡೆ ತಿರುಗಿದಾಗ ತನ್ನ ರೀತಿಯಲ್ಲಿ ಹಾಕುತ್ತಿದ್ದಳು. ಬೆನ್ನ ಹಿಂದೆ ನೆಟ್ಟಿನ ಸದ್ದು ಕೇಳುತ್ತಿತ್ತು. ತಿರುಗಿದರೆ ಮುಗ್ಧ ಮುಖ.

ಓದುತ್ತಾ ಹೋದಾಗ ಸಿಕ್ಕಿದ್ದು ಇದು. ರಿಕ್ ಬ್ಯಾರಿ ಎಂಬ ಅಮೆರಿಕದ ಆಟಗಾರ ಹೀಗೆಯೇ ಕೆಳಗಿಂದ ತೂರುತ್ತಿದ್ದರು. 1978-79ರಲ್ಲಿ, ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಅವರ ಕೊನೆಯ ಕಾಲ ಅದು, 100ಕ್ಕೆ ಸುಮಾರು 95 ಬೀಳುತ್ತಿದ್ದವು. ಅಲ್ಲಿನ ಇನ್ನೊಬ್ಬ ಆಟಗಾರ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದರಲ್ಲ, ಅವತ್ತು ಅವರ 32 ಫ್ರೀ ಥ್ರೋಗಳಲ್ಲಿ 28 ಬಿದ್ದಿದ್ದವು. ಕೆಳಗಿಂದ ತೂರಿಯೇ. ಆಮೇಲೆ ನೋಡೋರಿಗೆ ಚೆನ್ನಾಗಿ ಕಾಣಲ್ಲ ಅಂತ ಆ ರೀತಿಯನ್ನೇ ಬಿಟ್ಟರು. ಫ್ರೀ ಥ್ರೋ ಬೀಳುವುದೂ ಕಮ್ಮಿಯಾಯಿತು.

ಮಾರನೇ ದಿನ ಪುಟ್ಟಿಯನ್ನು ಕರೆದು, "ನಿಂಗೆ ಹೇಗೆ ಬರುತ್ತೋ ಹಾಗೇ ಹಾಕಮ್ಮ" ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನೀವೂ ಹಾಗೆ ಹಾಕಿ ನೋಡಿ ಸರ್" ಎಂದಳು. ಸುತ್ತಮುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹತ್ತು ಹಾಕಿದೆ. ಎರಡು ಬಿದ್ದವು. ನನ್ನ ಮಟ್ಟಿಗೆ ಅದೇ ದಾಖಲೆ.

ಎರಡು ತಿಂಗಳಾದ ಮೇಲೆ ಪಕ್ಕದ ಬಡಾವಣೆಯ ಮಕ್ಕಳ ಜೊತೆ ಒಂದು ಪಂದ್ಯ ಗೊತ್ತಾಯಿತು. ನಮ್ಮ ಕೋರ್ಟಿನಲ್ಲೇ. ಬಗ್ಗಿದ್ದ ರಿಂಗನ್ನು ಸರಿ ಮಾಡಿಸಿದೆವು. ಪಂದ್ಯದ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ಎರಡೂ ಕಡೆಯ ಹತ್ತು ಮಕ್ಕಳು ಚೆಂಡಿನ ಹಿಂದೆ ಜೇನುಹುಳುಗಳ ಹಾಗೆ ಗುಂಪಾಗಿ ಓಡಿದರು. ರಿಂಗಿನ ಕೆಳಗಿನ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅಂದಿದ್ದೆ. ಹಾಗಾಗಿ ಒಬ್ಬ ಆಟವನ್ನೇ ಬಿಟ್ಟು, "ಒಂದು, ಎರಡು" ಎಂದು ಜೋರಾಗಿ ಎಣಿಸುತ್ತಾ ಒಳಗೆ ಹಾರುವುದು, ಹೊರಗೆ ಹಾರುವುದು ಇದನ್ನೇ ಮಾಡುತ್ತಿದ್ದ. ಪುಟ್ಟಿ ಒಂದು ಫ್ರೀ ಥ್ರೋ ಹಾಕಿದಳು. ಬಕೆಟ್ ನೀರು ಎರಚಿದ ಹಾಗೆಯೇ. ಆ ಕಡೆಯ ಕೋಚ್ ನಕ್ಕರು. ಚೆಂಡು ನೆಟ್ಟಿನೊಳಗಿಂದ ಇಳಿದಾಗ ನಗು ನಿಂತಿತು.

ಅರ್ಧ ಆಟ ಮುಗಿದ ಮೇಲೆ ರಿಂಗ್ ಅದಲುಬದಲಾಗುತ್ತದೆ. ಮೊದಲರ್ಧ ನಾವು ಗೇಟಿನ ಕಡೆಗೆ ಹಾಕುತ್ತಿದ್ದೆವು, ಈಗ ಅದನ್ನು ಕಾಯಬೇಕು. ಇದನ್ನು ಹೇಳಬೇಕು ಅಂತ ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಅಷ್ಟರಲ್ಲಿ ರೆಫ್ರಿ ಕೂಗಿದರು, "ಚೆಂಡು ಮೆತ್ತಗಾಗಿದೆ, ಪಂಪ್ ಯಾರ ಹತ್ರ ಇದೆ?" ನಾನು ಪಂಪ್ ತೆಗೆದುಕೊಂಡು ಓಡಿದೆ. ಸೂಜಿ ಒದ್ದೆ ಮಾಡಿ, ಗಾಳಿ ಹೊಡೆದು, ತಲೆಯಿಂದ ಬಿಟ್ಟು ಸೊಂಟಕ್ಕೆ ಬರುತ್ತದೋ ಅಂತ ನೋಡಿ ವಾಪಸ್ ಬರುವಷ್ಟರಲ್ಲಿ ವಿಸಿಲ್ ಆಗಿತ್ತು.

ಚೆಂಡು ಪ್ರಶ್ನೆ ಹುಡುಗನ ಕೈಗೆ ಬಂತು. ಅವನ ಮುಂದೆ ಯಾರೂ ಇರಲಿಲ್ಲ. ಯಾಕಿರುತ್ತಾರೆ? ಅವನು ಹೊರಟದ್ದು ಗೇಟಿನ ಕಡೆಗೆ. ತಲೆ ಎತ್ತಿ ಡ್ರಿಬಲ್ ಮಾಡಿದ. ಬಲಗಾಲು, ಎಡಗಾಲು, ಹಾರಿದ, ಬೋರ್ಡಿಗೆ ಮೆಲ್ಲಗೆ ತಾಗಿಸಿದ. ಎರಡು ತಿಂಗಳಲ್ಲಿ ನಮ್ಮ ಕೋರ್ಟ್ ಕಂಡ ಮೊದಲ ಸರಿಯಾದ ಲೇ-ಅಪ್. ನನ್ನ ಎದೆ ಉಬ್ಬಿತು. ಮರುಕ್ಷಣ ಇಳಿಯಿತು.

ತಪ್ಪಿ ನಮ್ಮ ರಿಂಗಿಗೆ ನಾವೇ ಹಾಕಿಕೊಂಡರೆ ಎದುರಾಳಿಗೆ ಎರಡು ಪಾಯಿಂಟ್. ಆದರೆ ಬೇಕಂತಲೇ ಹಾಕಿದರೆ ಅದು ನಿಯಮ ಮೀರಿದ ಹಾಗೆ, ಪಾಯಿಂಟ್ ಯಾರಿಗೂ ಇಲ್ಲ. ರೆಫ್ರಿ ಪಾಪ, ಮೃದುವಾಗಿ ಬಗ್ಗಿ ಕೇಳಿದರು. "ಗೊತ್ತಿಲ್ದೆ ಹಾಕ್ಬಿಟ್ಯಾ ಪುಟ್ಟ?"

ಅವನಿಗೆ ಅವಮಾನವಾಯಿತು. "ಗೊತ್ತಿಲ್ದೆ ಹೇಗೆ ಬೀಳುತ್ತೆ ಸರ್? ಬೇಕಂತಲೇ ಹಾಕಿದ್ದು! ಗೇಟಿನ ಕಡೆ ರಿಂಗಿಗೇ ಗುರಿ ಇಟ್ಟು ಹಾಕಿದ್ದು!"

ರೆಫ್ರಿ ಸ್ವಲ್ಪ ಹೊತ್ತು ಆಕಾಶ ನೋಡಿ, ಕೈ ಅಡ್ಡ ಆಡಿಸಿ ಆ ಬಾಸ್ಕೆಟ್ ರದ್ದು ಮಾಡಿದರು. ಅವರ ಕೋಚ್ ತಕರಾರು ತೆಗೆದರು. ನಾನು ಹುಡುಗನ ಬಾಯಿ ಮುಚ್ಚಿಸಲೋ, ಇನ್ನೂ ಮಾತಾಡಿಸಲೋ ತಿಳಿಯದೆ ನಿಂತೆ. ಅವನಂತೂ ಅಳುತ್ತಿದ್ದ. "ಬಿತ್ತು ಸರ್, ಎಲ್ರೂ ನೋಡಿದ್ದಾರೆ, ಲೆಕ್ಕಕ್ಕೆ ತಗೊಳ್ಳಕ್ಕೆ ಹೇಳಿ ಸರ್." ತಗೊಂಡರೆ ನಮಗೇ ನಷ್ಟ ಅಂತ ಅವನಿಗೆ ವಿವರಿಸಲು ನನ್ನಿಂದ ಆಗಲಿಲ್ಲ.

ಪಂದ್ಯ 8-7ರಲ್ಲಿ ಸೋತೆವು. ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವನು ಅಪ್ಪನ ಕೈ ಹಿಡಿದುಕೊಂಡು ಬಂದ. ಕಣ್ಣು ಇನ್ನೂ ಕೆಂಪಗಿತ್ತು.

"ನನ್ನ ಎರಡು ಪಾಯಿಂಟ್ ಸೇರಿಸಿದ್ರೆ ನಮ್ದು 9 ಆಗ್ತಿತ್ತಲ್ವಾ ಸರ್? ಗೆಲ್ತಿದ್ವಿ."

ಅವನ ಅಪ್ಪನೂ ಅದನ್ನೇ ಕೇಳುವವರ ಹಾಗೆ ನನ್ನ ಮುಖ ನೋಡುತ್ತಿದ್ದರು.