ಹೆಂಗೂ ಬಿಚ್ಚಿದ್ದೀನಲ್ಲ!

ನಮ್ಮ ಮನೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯ ತುಂಬ ಸ್ಕ್ರೂಗಳಿವೆ. ಒಂದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಮಿಕ್ಸಿ, ಗೋಡೆ ಗಡಿಯಾರ, ಟೇಬಲ್ ಫ್ಯಾನು, ಮಗಳ ಸೈಕಲ್ಲು, ಹೀಗೆ ನಾನು ರಿಪೇರಿ ಮಾಡಿದ ಸಾಮಾನುಗಳನ್ನು ವಾಪಸ್ ಜೋಡಿಸಿದ ಮೇಲೆ ಮಿಕ್ಕಿದವು. ರಿಪೇರಿಗೆ ಕೂತರೆ ನನಗೊಂದು ಚಟ. ಕೆಟ್ಟಿರುವುದು ಒಂದೇ ಆದರೂ, 'ಹೆಂಗೂ ಬಿಚ್ಚಿದ್ದೀನಲ್ಲ, ಇದನ್ನೂ ಒಂದ್ಸಲ ನೋಡೇಬಿಡೋಣ' ಅನ್ನಿಸುತ್ತದೆ. ಮಿಕ್ಸಿಯ ಕಾರ್ಬನ್ ಬ್ರಷ್ ಬದಲಿಸಲು ಬಿಚ್ಚಿದವನು ಹೆಂಗೂ ಬಿಚ್ಚಿದ್ದೀನಲ್ಲ ಅಂತ ಅದರ ಸ್ವಿಚ್ಚಿಗೂ ಕೈಹಾಕಿದೆ. ಆಮೇಲೆ ಅದು 1ಕ್ಕೆ ಇಟ್ಟರೆ 3ರ ವೇಗದಲ್ಲಿ, 3ಕ್ಕೆ ಇಟ್ಟರೆ 1ರ ವೇಗದಲ್ಲಿ ಓಡತೊಡಗಿತು. ಹೆಂಡತಿ ಆರು ತಿಂಗಳು ಹಾಗೇ ಚಟ್ನಿ ರುಬ್ಬಿದಳು. ಅದೇ ಅಭ್ಯಾಸದಲ್ಲಿ ತವರಿಗೆ ಹೋದಾಗ ಅಲ್ಲಿನ ಸರಿಯಿದ್ದ ಮಿಕ್ಸಿಯನ್ನು ಮೆಲ್ಲಗೆ ತಿರುಗಿಸಲು ಹೋಗಿ 3ಕ್ಕೆ ಇಟ್ಟಳು. ಸೂರಿಗೆ ಹಾರಿದ ಹುಣಸೆಹಣ್ಣಿನ ಕಲೆ ಅಲ್ಲಿ ಈಗಲೂ ಇದೆ. ನಾನು ಹೋದಾಗಲೆಲ್ಲ ನನ್ನ ಮಾವ ಮೊದಲು ಸೂರು ನೋಡಿ, ಆಮೇಲೆ ನನ್ನ ಮುಖ ನೋಡಿ, 'ಬನ್ನಿ ಅಳಿಯಂದ್ರೆ' ಅನ್ನುತ್ತಾರೆ.

ಹಾಸನದ ವಿದ್ಯಾನಗರದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಮೇ ತಿಂಗಳು ಬಂತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ನನ್ನ ಕಂಪ್ಯೂಟರಿಗೆ ಮಾತ್ರ ವಯಸ್ಸಾಗಿತ್ತು. ಒಂದು ಪತ್ರಿಕೆ ತೆರೆಯಲು ಕ್ಲಿಕ್ ಮಾಡಿ, ಒಳಗೆ ಹೋಗಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಗಣಪತಿಯ ಸೊಂಡಿಲಷ್ಟೇ ಮೂಡಿರುತ್ತಿತ್ತು. ಅದರ ನೆನಪಿನ ಪಟ್ಟಿ ಚಿಕ್ಕದು, ಇದ್ದದ್ದು 4 ಜಿಬಿ ರ‍್ಯಾಮ್. ಇನ್ನೊಂದು 8 ಜಿಬಿ ಹಾಕಿಬಿಟ್ಟರೆ ಇಡೀ ಗಣಪತಿ ಒಂದೇಟಿಗೆ ಬರುತ್ತಾನೆ ಅಂತ ತಿಳಿದವರು ಹೇಳಿದರು. ಅಂಗಡಿಯ ಹುಡುಗ 'ತಗೊಂಡ್ ಬನ್ನಿ ಅಣ್ಣ, ಹಾಕ್ಕೊಡ್ತೀನಿ' ಅಂದ. ಒಂದು ಪಟ್ಟಿ ಸಿಕ್ಕಿಸುವುದಕ್ಕೆ ಇಷ್ಟು ಭಾರ ಹೊತ್ತುಕೊಂಡು ಹೋಗುವುದೇ? ನಾನೇ ಹಾಕುತ್ತೇನೆ ಅಂದೆ.

ಮೊದಲು ತಂದ ರ‍್ಯಾಮ್ ಸ್ಲಾಟಿಗೆ ಕೂರಲೇ ಇಲ್ಲ. ನನ್ನದು ಡಿಡಿಆರ್3, ತಂದದ್ದು ಅದರ ಮುಂದಿನ ತಲೆಮಾರಿನ ಡಿಡಿಆರ್4. ಮೊದಲನೆಯದಕ್ಕೆ 240 ಪಿನ್ನು, ಎರಡನೆಯದಕ್ಕೆ 288. ನಡುವಿನ ಕಚ್ಚು ಕೂಡ ಬೇರೆ ಜಾಗದಲ್ಲಿ. ತಪ್ಪಾದದ್ದು ಕೂರಬಾರದು ಅಂತಲೇ ಹಾಗೆ ಮಾಡಿರುತ್ತಾರೆ, ಒತ್ತಿದರೆ ಬೋರ್ಡು ಸೀಳಿಯೇ ಹೋಗುತ್ತದೆ. 'ಬ್ಲೌಸ್ ಪೀಸ್ ತರೋಕೆ ನಾವು ಸೀರೆ ಹಿಡ್ಕೊಂಡ್ ಹೋಗಲ್ವೇನ್ರೀ, ಹಳೇದನ್ನ ಕಿತ್ತು ತಗೊಂಡ್ ಹೋಗ್ಬೇಕಿತ್ತು' ಅಂದಳು ಹೆಂಡತಿ. ಸರಿಯಾದ ಮಾತು. ಆದ್ದರಿಂದ ಉತ್ತರ ಕೊಡದೆ ಬೈಕ್ ಹತ್ತಿ, ಬದಲಾಯಿಸಿಕೊಂಡು ಬಂದೆ.

ಅಷ್ಟರಲ್ಲಿ ದುದ್ದದ ಕಡೆಯಿಂದ ಮಾವ ಬಂದಿಳಿದಿದ್ದರು. ಎಪಿಎಂಸಿಗೆ ಜಲಂಧರಿನ ಬಿತ್ತನೆ ಆಲೂಗಡ್ಡೆ ಬಂದಿತ್ತು. ದರ ವಿಚಾರಿಸಿಕೊಂಡು, ಮಗಳ ಮನೆಯಲ್ಲಿ ಊಟ ಮಾಡಿ, ಸಂಜೆ ಬಸ್ಸಿಗೆ ಹೊರಡುವುದು ಅವರ ಲೆಕ್ಕ. ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎಲೆ ಅಡಿಕೆ ಬಿಚ್ಚಿ, ನನ್ನನ್ನು ನೋಡುತ್ತ ಕೂತರು.

ಮೇನ್ ಸ್ವಿಚ್ ಆರಿಸಿದೆ. ಹಿಂದಿನ ವೈರುಗಳನ್ನೆಲ್ಲ ಕಿತ್ತೆ. ಕ್ಯಾಬಿನೆಟ್ ಅಡ್ಡ ಮಲಗಿಸಿ ಪಕ್ಕದ ಮುಚ್ಚಳ ತೆಗೆದೆ. ಒಳಗೆ ಒಂದು ಮಠಕ್ಕಾಗುವಷ್ಟು ವಿಭೂತಿಯಂಥ ಧೂಳು! ರ‍್ಯಾಮ್ ಹಾಕುವುದು ಎರಡು ನಿಮಿಷದ ಕೆಲಸ. ಎರಡೂ ತುದಿಯ ಕಿವಿ ಅಗಲಿಸಿ, ಕಚ್ಚಿಗೆ ಕಚ್ಚು ಕೂಡಿಸಿ, ಸಮನಾಗಿ ಒತ್ತಿದರೆ ಕಿವಿಗಳು ತಾವಾಗಿ ಟಕ್ ಅಂತ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಂಡವು. ಅಲ್ಲಿಗೆ ಎದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಹಳೇ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಹೆಂಗೂ ಬಿಚ್ಚಿದ್ದೀನಲ್ಲ! ಬ್ರಷ್ ತಂದು ಕೈ ತೂರಿಸಿದೆ. ಯಾವುದೋ ವೈರು ಅಡ್ಡ ಬಂತು. ಕಿತ್ತು ಪಕ್ಕಕ್ಕಿಟ್ಟೆ. ಕಾಲು ಗಂಟೆ ಉಜ್ಜಿ, ಫ್ಯಾನು ಫಳಫಳ ಅಂದ ಮೇಲೆ ಎಲ್ಲ ಮೊದಲಿನ ಹಾಗೆ ಜೋಡಿಸಿ, ಮಾವನ ಮುಖ ಒಂದು ಸಲ ನೋಡಿ, ಬಟನ್ ಒತ್ತಿದೆ.

ಏನೂ ಇಲ್ಲ. ಒಂದು ದೀಪ, ಒಂದು ಸದ್ದು, ಏನೂ ಇಲ್ಲ.

ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವುದು. ಹೋದ ವರ್ಷ ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷವೂ ಉರಿಯುತ್ತಿರುತ್ತದೆ ಎನ್ನುವುದು ನಂಬಿಕೆ. ನನ್ನ ಕ್ಯಾಬಿನೆಟ್ಟಿನ ಬಾಗಿಲು ತೆಗೆಯುವುದೂ ವರ್ಷಕ್ಕೊಮ್ಮೆಯೇ. ಅಲ್ಲಿವರೆಗೆ ಚೆನ್ನಾಗಿ ಉರಿಯುತ್ತಿದ್ದ ದೀಪ ನಾನು ಬಾಗಿಲು ತೆಗೆದ ಕೂಡಲೇ ಆರಿಹೋಗಿತ್ತು.

'ಅಳಿಯಂದ್ರೆ, ಕರೆಂಟ್ ಬತ್ತಾ ಐತಾ ನೋಡುದ್ರಾ?' ಅಂದರು ಮಾವ. 'ನಮ್ ಪಂಪ್‌ಸೆಟ್ ಓಡ್ಲಿಲ್ಲ ಅಂದ್ರೆ ನಾವು ಮೋಟ್ರು ಎತ್ತಕ್ಕೆ ಹೋಗಲ್ಲ. ಮೊದ್ಲು ಫ್ಯೂಸ್ ನೋಡ್ತೀವಿ, ಆಮೇಲೆ ಸ್ಟಾರ್ಟ್ರು.'

ಕಂಪ್ಯೂಟರಿಗೂ ಪಂಪ್‌ಸೆಟ್ಟಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳಲು ಹೊರಟೆ. ಹೇಳುತ್ತ ಹೇಳುತ್ತ ಕ್ಯಾಬಿನೆಟ್ಟಿನ ಹಿಂಬದಿಗೆ ಕಣ್ಣು ಹೋಯಿತು. ಒಳಕ್ಕೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಕಪ್ಪು ಸ್ವಿಚ್ಚು. ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ. ಸೊನ್ನೆಯ ಕಡೆಗಿತ್ತು. ಬಿಚ್ಚುವ ಮುಂಚೆ ಸುರಕ್ಷತೆಗೆಂದು ನಾನೇ ಆರಿಸಿದ್ದೆ. ವ್ಯತ್ಯಾಸದ ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿ, ಕೆಮ್ಮಿದ ಹಾಗೆ ಮಾಡಿ ಸ್ವಿಚ್ ಒತ್ತಿದೆ. 'ಟಪ್' ಅಂದದ್ದು ಮಾವನಿಗೂ ಕೇಳಿಸಿತು. 'ಫ್ಯೂಸು ಸಿಕ್ತು ಅನ್ನಿ' ಅಂದರು.

ಈಗ ಫ್ಯಾನುಗಳೆಲ್ಲ ಬುರ್ರನೆ ತಿರುಗಿದವು. ಮಾನಿಟರ್ ಮಾತ್ರ 'ನೋ ಸಿಗ್ನಲ್' ಅಂದು ಕಣ್ಣು ಮುಚ್ಚಿಕೊಂಡಿತು.

ಇದು ಮರ್ಯಾದೆಯ ಪ್ರಶ್ನೆಯಾಗಿಬಿಟ್ಟಿತು. ನಮ್ಮೂರಿನ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. 1982ರಿಂದ ಅಲ್ಲಿ ಕೂತು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಜೊತೆ ಮಾತಾಡುತ್ತಾರೆ. ಅದೇ ಊರಿನಲ್ಲಿ ನನಗೆ ಒಂದೂವರೆ ಮೀಟರ್ ಕೇಬಲ್ಲಿನ ಆಚೆ ತುದಿಯಿಂದ ಸಿಗ್ನಲ್ ಬರುತ್ತಿಲ್ಲ! 1982ರ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರ್‌ನಲ್ಲೇ ಕೈಕೊಟ್ಟಿತ್ತು ಎಂಬುದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅವತ್ತು ಅಲ್ಲಿ ಕೂತಿದ್ದವರ ಬೆನ್ನ ಹಿಂದೆ ಮಾವ ಎಲೆ ಅಡಿಕೆ ಜಗಿಯುತ್ತ ಕೂತಿರಲಿಕ್ಕಿಲ್ಲ.

ರ‍್ಯಾಮ್ ಕಿತ್ತೆ. ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಬೇಕು ಅಂತ ಎಲ್ಲೋ ಕೇಳಿದ್ದೆ. ಮಗಳ ಕಂಪಾಸ್ ಬಾಕ್ಸಿನಲ್ಲಿ ಸಿಕ್ಕಿದ್ದು ಸ್ಟ್ರಾಬೆರಿ ಆಕಾರದ, ಸ್ಟ್ರಾಬೆರಿ ವಾಸನೆಯ ಗುಲಾಬಿ ರಬ್ಬರ್. ಉಜ್ಜಿದೆ. ರ‍್ಯಾಮ್ ಘಮಘಮ ಅಂದಿತು, ಪರದೆ ಕಪ್ಪಗೇ ಇತ್ತು. ಹಳೆಯದೊಂದನ್ನೇ ಹಾಕಿದೆ. ಹೊಸದೊಂದನ್ನೇ ಹಾಕಿದೆ. ಸ್ಲಾಟ್ ಬದಲಾಯಿಸಿದೆ. ಕೊನೆಗೆ ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟಿರುವ 3 ವೋಲ್ಟಿನ ಬ್ಯಾಟರಿ ಕಂಡಿತು. ಅದರದೇನೂ ತಪ್ಪಿರಲಿಲ್ಲ, ಆದರೂ ಹೆಂಗೂ ಬಿಚ್ಚಿದ್ದೀನಲ್ಲ ಅಂತ ಅದನ್ನೂ ತೆಗೆದು, ಒರೆಸಿ, ಹತ್ತು ನಿಮಿಷ ಬಿಟ್ಟು ಹಾಕಿದೆ.

ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. 'ಎರಡೂ ರ‍್ಯಾಮ್ ತೆಗ್ದು ಆನ್ ಮಾಡಿ ಅಣ್ಣ. ಕುಂಯ್ ಕುಂಯ್ ಅಂತ ಬಡ್ಕೋಬೇಕು.'

ತೆಗೆದು ಆನ್ ಮಾಡಿದೆ. ಒಳಗೆ ಪುಟ್ಟ ಸ್ಪೀಕರ್ ಇದೆ, ಹಿಂದೊಮ್ಮೆ ಕೂಗಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಈಗ ತುಟಿ ಪಿಟಿಕ್ಕೆನ್ನಲಿಲ್ಲ.

'ಬಡ್ಕೊಳ್ತಿಲ್ಲ.'

'ಹಂಗಾದ್ರೆ ರ‍್ಯಾಮ್ ಕಥೆ ಅಲ್ಲ ಬಿಡಿ. ರ‍್ಯಾಮ್ ಇಲ್ಲ ಅಂತ ಹೇಳೋಕಾದ್ರೂ ಪ್ರೊಸೆಸರ್‌ಗೆ ಜೀವ ಇರ್ಬೇಕಲ್ಲಣ್ಣ? ಬೋರ್ಡೋ ಪ್ರೊಸೆಸರ್ರೋ ಹೋಗಿರ್ಬೇಕು. ತಗೊಂಡ್ ಬನ್ನಿ.'

ಇದೇ ಹೊತ್ತಿಗೆ ಮದುವೆ ಗಂಡಿನ ಚಿಕ್ಕಪ್ಪ ಬಂದರು. ಸಂಜೆ ಆರಕ್ಕೆ ಅವರ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿತ್ತು. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ 46 ಹೆಸರಿದ್ದವು. ಮೂರು ಸಲ ಪ್ರೂಫ್ ತಿದ್ದಿ, ಎರಡು ಸಲ ಜಗಳವಾಗಿ, ಸೋದರಮಾವನನ್ನು ಚಿಕ್ಕಪ್ಪನ ಮೇಲೆ ಹಾಕುವುದೋ ಕೆಳಗೆ ಹಾಕುವುದೋ ಎಂಬುದು ಹಿಂದಿನ ರಾತ್ರಿಯಷ್ಟೇ ತೀರ್ಮಾನವಾಗಿತ್ತು. ಆ ತೀರ್ಮಾನ ಇದ್ದದ್ದು ಈ ಡಬ್ಬಿಯೊಳಗೆ ಮಾತ್ರ. ನೆಲದ ಮೇಲೆ ಹೊಟ್ಟೆ ಸೀಳಿಕೊಂಡು ಮಲಗಿದ್ದ ಕ್ಯಾಬಿನೆಟ್ ನೋಡಿ ಅವರು, 'ಏನ್ ಸಾರ್, ಪೋಸ್ಟ್ ಮಾರ್ಟಮ್ಮಾ?' ಅಂದರು. ನಗುವ ಹಾಗಿದ್ದರು, ನನ್ನ ಮುಖ ನೋಡಿ ನಿಲ್ಲಿಸಿದರು.

ಹೆಂಡತಿ ಅವರಿಗೆ ಕಾಫಿ ತಂದಳು. ಮಾವ ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದು, ಕ್ಯಾಬಿನೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೇ ಬಗ್ಗಿ ನೋಡಿದರು. ಮುಟ್ಟಬಾರದ್ದನ್ನು ಮುಟ್ಟಬಾರದು ಎಂಬ ಬುದ್ಧಿ ಅವರಿಗಿದೆ.

'ಇದ್ಯಾವುದು ಅಳಿಯಂದ್ರೆ, ಎರಡು ಹಳದಿ ಎರಡು ಕರೇದು, ಬಾಯಿ ಬಿಟ್ಕೊಂಡು ನೇತಾಡ್ತಾ ಐತಲ್ಲ?'

ನೋಡಿದೆ. ಎಸ್‌ಎಂಪಿಎಸ್‌ನಿಂದ ಬಂದ ನಾಲ್ಕು ಪಿನ್ನಿನ ಕನೆಕ್ಟರ್. ಫ್ಯಾನ್ ಉಜ್ಜಲು ಅಡ್ಡ ಬಂತೆಂದು ನಾನು ಕಿತ್ತು ಪಕ್ಕಕ್ಕಿಟ್ಟದ್ದು. ಬೋರ್ಡಿಗೆ 24 ಪಿನ್ನಿನ ದಪ್ಪ ಕಟ್ಟು ಬೇರೆ ಹೋಗುತ್ತದೆ, ಫ್ಯಾನುಗಳು ತಿರುಗಲು ಅಷ್ಟು ಸಾಕು. ಆದರೆ ಪ್ರೊಸೆಸರಿಗೆ 12 ವೋಲ್ಟ್ ಬರುವುದು ಈ ಚಿಕ್ಕದರಲ್ಲೇ. ಹೊಟ್ಟೆಗಿಲ್ಲದವನ ಕಿವಿ ಹಿಂಡಿ 'ಯಾಕೋ ಮಾತಾಡಲ್ಲ' ಅಂತ ಎರಡು ಗಂಟೆ ಬೈದಿದ್ದೆ.

'ತಿಳೀತು ಬುಡಿ' ಅಂದರು ಮಾವ. 'ಮೂರು ಫ್ಯೂಸಲ್ಲಿ ಒಂದು ಹೋದ್ರೆ ನಮ್ ಮೋಟ್ರೂ ಇಂಗೇ. ಗುಂಯ್ ಅಂತದೆ, ನೀರೆತ್ತಲ್ಲ.'

ಪಂಪ್‌ಸೆಟ್ಟಿಗೂ ಕಂಪ್ಯೂಟರಿಗೂ ಇರುವ ವ್ಯತ್ಯಾಸವನ್ನು ನಾನು ಮತ್ತೆ ಎತ್ತಲಿಲ್ಲ. ಕನೆಕ್ಟರ್ ಒತ್ತಿದೆ. ರ‍್ಯಾಮ್ ಎರಡನ್ನೂ ಸಿಕ್ಕಿಸಿದೆ. ಬಟನ್. ಬೀಪ್! ಆ ಒಂದು ಬೀಪಿಗೆ ಗಂಡಿನ ಚಿಕ್ಕಪ್ಪ ಕಾಫಿ ಲೋಟ ಹಿಡಿದೇ ಎದ್ದು ನಿಂತರು. 12 ಜಿಬಿ ತೋರಿಸಿತು. ಪತ್ರಿಕೆ ತೆರೆದರೆ ಗಣಪತಿ ಸೊಂಡಿಲು, ಹೊಟ್ಟೆ, ಇಲಿ ಸಮೇತ ಒಂದೇಟಿಗೆ ಬಂದ. ಚಿಕ್ಕಪ್ಪ ತಮ್ಮ ಹೆಸರು ಸೋದರಮಾವನ ಮೇಲೇ ಇರುವುದನ್ನು ಬೆರಳಿಟ್ಟು ಖಾತ್ರಿ ಮಾಡಿಕೊಂಡು ಹೊರಟರು. ಮುಚ್ಚಳ ಹಾಕಿದ ಮೇಲೆ ಎರಡು ಸ್ಕ್ರೂ ಮಿಕ್ಕವು. ಹೆಂಡತಿ ಮಾತಾಡದೆ ಬಾಟಲಿ ತಂದು ಮುಂದೆ ಹಿಡಿದಳು.

ಪ್ರೆಸ್ಸಿಗೆ ಮೇಲ್ ಕಳಿಸಲು ಕೂತರೆ, ಒಂದು ಜಾಲತಾಣವೂ ತೆರೆಯುತ್ತಿಲ್ಲ. ಸಂಪರ್ಕ ಸುರಕ್ಷಿತವಲ್ಲ, ಗಡಿಯಾರ ಹಿಂದಿದೆ ಅನ್ನುತ್ತಿದೆ. ಮೂಲೆ ನೋಡಿದೆ: 1 ಜನವರಿ 2012. ನಾನು ಬ್ಯಾಟರಿ ಕಿತ್ತಾಗ ತಾರೀಖು ಹಾರಿಹೋಗಿ, ಅದು ತನಗೆ ನೆನಪಿದ್ದ ಮೊದಲ ದಿನಕ್ಕೆ ಹೋಗಿ ಕೂತಿತ್ತು.

'ಇನ್ನೇನಾಯ್ತು?' ಅಂದರು ಮಾವ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ.

'ಇದು ಇನ್ನೂ 2012ನೇ ಇಸ್ವಿ ಅನ್ಕೊಂಡಿದೆ ಮಾವ. ಸರಿ ಮಾಡ್ಬೇಕು.'

ಮಾವ ಒಂದು ಗಳಿಗೆ ಪರದೆಯನ್ನೇ ನೋಡಿದರು.

'ಸರಿ ಮಾಡಕ್ಕೋಗ್ಬೇಡಿ ಅಳಿಯಂದ್ರೆ, ಅಂಗೇ ಇರ್ಲಿ ಬುಡಿ' ಅಂದರು. 'ಅವಾಗ ನಮ್ ಬೋರಲ್ಲಿ ಎರಡಿಂಚು ನೀರಿತ್ತು.'