ಉತ್ತರ ಬಂತು ಸರಿ, ಹೇಗೆ ಬಂತು ಅಂತ ಕೇಳಿದ್ವಾ?

ಮೊದಲು ಒಂದು ಲೆಕ್ಕ. 19 ಮಕ್ಕಳು ಮಿನಿ ಬಸ್‌ನಲ್ಲಿ ಮೃಗಾಲಯಕ್ಕೆ ಹೊರಟಿದ್ದಾರೆ. ಬಸ್‌ನಲ್ಲಿ 7 ಸೀಟು. ಒಂದು ಸೀಟಿಗೆ ಇಬ್ಬರು ಇಲ್ಲವೇ ಮೂವರು ಕೂರಬೇಕು. ಮೂವರ ಸೀಟಿನಲ್ಲಿ ಕೂರುವ ಮಕ್ಕಳು ಎಷ್ಟು? ಇಬ್ಬರ ಸೀಟಿನಲ್ಲಿ ಎಷ್ಟು?

ಇದನ್ನು ಯಾವ ತರಗತಿಗೆ ಕೊಡ್ತೀರಿ? ನಾನು ಕೇಳಿದ ಶಿಕ್ಷಕರಲ್ಲಿ ಹೆಚ್ಚಿನವರು ಆರೋ ಏಳೋ ಅಂದರು. ಎಕ್ಸ್, ವೈ ಹಾಕಿ ಬಿಡಿಸಿದವರೂ ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇದನ್ನು ಕೇಳಿದ್ದು ಕಿಂಡರ್‌ಗಾರ್ಟನ್ ಮಕ್ಕಳಿಗೆ. ಅಂದರೆ ನಮ್ಮ ಯುಕೆಜಿ ವಯಸ್ಸು. 1993ರಲ್ಲಿ ಪ್ರಕಟವಾದ ಅಧ್ಯಯನ ಅದು. 70 ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಸರಿ ಉತ್ತರ ಹೇಳಿದರು. ಭಾಗಾಕಾರದ ಹೆಸರೂ ಗೊತ್ತಿಲ್ಲದ ಮಕ್ಕಳು!

ದೊಡ್ಡ ಗುಟ್ಟೇನಿಲ್ಲ. ಏಳು ಕಡೆ ಎರಡೆರಡು ಬಿಲ್ಲೆ ಇಟ್ಟರೆ 14 ಮುಗಿಯಿತು. ಉಳಿದ 5ನ್ನು ಒಂದೊಂದಾಗಿ ಹಂಚಿ. 5 ಸೀಟಿನಲ್ಲಿ ಮೂವರು, 2 ಸೀಟಿನಲ್ಲಿ ಇಬ್ಬರು. ಹದಿನೈದು ಮತ್ತು ನಾಲ್ಕು. ಕಥೆಯಲ್ಲಿ ಏನು ನಡೆಯುತ್ತದೋ ಅದನ್ನೇ ಕೈಯಲ್ಲಿ ಮಾಡಿದರೆ ಆಯ್ತು.

ಆ ಮಕ್ಕಳೇನು ಆರಿಸಿ ತಂದ ಜಾಣರಲ್ಲ. ಅವರ ಟೀಚರ್‌ಗಳು ವರ್ಷವಿಡೀ ಇಂಥ ಲೆಕ್ಕ ಕೊಡುತ್ತಿದ್ದರು, ಬಿಡಿಸುವ ದಾರಿಯನ್ನು ಮಕ್ಕಳಿಗೇ ಬಿಡುತ್ತಿದ್ದರು. ಹಾಗೆ ಬಿಡುವ ಧೈರ್ಯ ಬಂದದ್ದು ಒಂದು ತರಬೇತಿಯಿಂದ. ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನ್ನೆಮಾ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಶುರು ಮಾಡಿದ ಕಾಗ್ನಿಟಿವ್ಲಿ ಗೈಡೆಡ್ ಇನ್‌ಸ್ಟ್ರಕ್ಷನ್, ಅಂದರೆ ಮಕ್ಕಳ ಯೋಚನೆಯ ಜಾಡು ಹಿಡಿದು ಕಲಿಸುವುದು. ಚಿಕ್ಕದಾಗಿ ಸಿಜಿಐ. ಅದರಲ್ಲಿ ಪಾಠ ಯೋಜನೆ ಕೊಡಲಿಲ್ಲ, ಕಿಟ್ ಕೊಡಲಿಲ್ಲ, ಹೊಸ ಪಠ್ಯಪುಸ್ತಕವನ್ನೂ ಕೊಡಲಿಲ್ಲ. ಕೂಡುವ ಕಳೆಯುವ ಲೆಕ್ಕಗಳಲ್ಲಿ ಎಷ್ಟು ಜಾತಿ ಇವೆ, ಒಂದೊಂದನ್ನೂ ಮಕ್ಕಳು ಹೇಗೆ ಬಿಡಿಸುತ್ತಾರೆ ಅಂತ ವಿಡಿಯೋ ಹಾಕಿ ತೋರಿಸಿದರು. ತರಗತಿಯಲ್ಲಿ ಅದನ್ನು ಹೇಗೆ ಬಳಸುವುದು ಅನ್ನೋದನ್ನು ಶಿಕ್ಷಕರಿಗೇ ಬಿಟ್ಟರು.

ಒಂದು ಉದಾಹರಣೆ ಹೇಳ್ತೀನಿ, ಇಲ್ಲದಿದ್ದರೆ ಇದು ಬರೀ ಹೊಗಳಿಕೆ ಆಗುತ್ತೆ.

ರಮ್ಯಳ ಹತ್ತಿರ 8 ಗೋಲಿ ಇದ್ದವು. ಅಣ್ಣ ಇನ್ನೂ ಕೆಲವು ಕೊಟ್ಟ. ಈಗ 13 ಇವೆ. ಅಣ್ಣ ಕೊಟ್ಟದ್ದು ಎಷ್ಟು?

ದೊಡ್ಡವರಿಗೆ ಇದು ಕಳೆಯುವ ಲೆಕ್ಕ. ಒಂದನೇ ತರಗತಿಯ ಮಗುವಿಗೆ ಇಲ್ಲಿ ಯಾರೂ ಏನನ್ನೂ ಕಳೆದಿಲ್ಲ. ಅಣ್ಣ ಕೊಟ್ಟಿದ್ದಾನೆ, ಗೋಲಿ ಜಾಸ್ತಿ ಆಗಿವೆ. ಹಾಗಾಗಿ ಒಂದು ಮಗು 8 ಹುಣಸೆ ಬೀಜ ಇಟ್ಟು, 13 ಆಗುವ ತನಕ ಸೇರಿಸುತ್ತದೆ, ಸೇರಿಸಿದ್ದನ್ನು ಎಣಿಸುತ್ತದೆ. ಇನ್ನೊಂದು ಮಗು ಬೀಜ ಮುಟ್ಟುವುದೇ ಇಲ್ಲ. ಎಂಟು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು, ಒಂಬತ್ತು, ಹತ್ತು ಅಂತ ಹದಿಮೂರರ ತನಕ ಬೆರಳು ಮಡಚುತ್ತದೆ. ಮೂರನೆಯದು "8ಕ್ಕೆ 2 ಹಾಕಿದ್ರೆ 10, ಆಮೇಲೆ 3, ಅದಕ್ಕೇ 5" ಅನ್ನುತ್ತದೆ. ಮೂವರ ಉತ್ತರವೂ 5. ನೋಟ್‌ಬುಕ್‌ನಲ್ಲಿ ಮೂವರಿಗೂ ಒಂದೇ ರೈಟ್ ಮಾರ್ಕು. ಆದರೆ ಮೂವರೂ ಮುಟ್ಟಿರುವ ಹಂತ ಬೇರೆ ಬೇರೆ, ನಾಳೆ ಅವರಿಗೆ ಕೊಡಬೇಕಾದ ಲೆಕ್ಕವೂ ಬೇರೆ.

ಈಗ ಅದೇ ಕಥೆಯನ್ನು ಸ್ವಲ್ಪ ತಿರುಗಿಸಿ. ರಮ್ಯಳ ಹತ್ತಿರ ಕೆಲವು ಗೋಲಿ ಇದ್ದವು. ಅಣ್ಣ 5 ಕೊಟ್ಟ. ಈಗ 13. ಮೊದಲು ಎಷ್ಟಿದ್ದವು? ಸಂಖ್ಯೆಗಳು ಅವೇ. ಆದರೆ ಮೊದಲನೇ ಲೆಕ್ಕ ಸಲೀಸಾಗಿ ಮಾಡಿದ ಮಗು ಇಲ್ಲಿ ತಡವರಿಸುತ್ತದೆ. ಶುರುವಿಗೆ ಎಷ್ಟು ಬೀಜ ಇಡಬೇಕು ಅಂತಲೇ ಗೊತ್ತಿಲ್ವಲ್ಲ! ಇದು ಗೊತ್ತಿರುವ ಟೀಚರ್ ಆ ಮಗುವನ್ನು ದಡ್ಡ ಅನ್ನುವುದಿಲ್ಲ.

ನಮ್ಮಲ್ಲಿ ಕಲಿಸುವುದೇನು? "ಒಟ್ಟು ಅಂತ ಬಂದ್ರೆ ಕೂಡು, ಉಳಿದದ್ದು ಅಂತ ಬಂದ್ರೆ ಕಳಿ." ಲೆಕ್ಕವನ್ನು ಓದಲೇಬೇಡ ಅನ್ನುವ ಸೂತ್ರ ಇದು. "ಇನ್ನೂ ಕೊಟ್ಟ" ಅಂತ ಕಂಡ ಕೂಡಲೇ 8ಕ್ಕೆ 13 ಕೂಡಿಸಿ 21 ಅಂತ ಬರೆಯುವ ಮಕ್ಕಳು ತಯಾರಾಗುವುದು ಹೀಗೇ.

"ಇದೆಲ್ಲಾ ಚೆಂದ, ಆದ್ರೆ ಲೆಕ್ಕದ ಅಭ್ಯಾಸ ತಪ್ಪಿಹೋಗುತ್ತೆ" ಅನ್ನುವವರಿಗೆ 1989ರಲ್ಲಿ ಪ್ರಕಟವಾದ ಸಿಜಿಐ ತಂಡದ್ದೇ ಅಧ್ಯಯನ ಉತ್ತರ ಕೊಡುತ್ತದೆ. ಒಂದನೇ ತರಗತಿಯ 40 ಶಿಕ್ಷಕರಲ್ಲಿ ಅರ್ಧ ಜನಕ್ಕೆ ಬೇಸಿಗೆಯಲ್ಲಿ ನಾಲ್ಕು ವಾರದ ಕಾರ್ಯಾಗಾರ. ಅದರಲ್ಲಿ ಕೂತು ಬಂದವರು ಕೂಡುವ ಕಳೆಯುವ ಬಾಯಿಪಾಠಕ್ಕೆ ಉಳಿದವರಿಗಿಂತ ಕಡಿಮೆ ಸಮಯ ಕೊಟ್ಟರು. ಮಜಾ ಏನಂದ್ರೆ, ವರ್ಷದ ಕೊನೆಗೆ ಅದೇ ವಿಷಯದಲ್ಲೂ ಅವರ ಮಕ್ಕಳೇ ಮುಂದಿದ್ದರು.

ಇನ್ನು ನಮ್ಮ ತರಬೇತಿ. ನಾನು ಅಲ್ಲಿ ಕೂತು ಕೇಳಿದವಳೂ ಹೌದು, ಸಂಪನ್ಮೂಲ ವ್ಯಕ್ತಿಯಾಗಿ ನಿಂತು ಹೇಳಿದವಳೂ ಹೌದು. ಹಾಜರಾತಿ, ಪ್ರಾರ್ಥನೆ, ಪಿಪಿಟಿ, ಗುಂಪು ಚಟುವಟಿಕೆ, ಚಾರ್ಟು, ಫೋಟೋ. ಅಷ್ಟೂ ದಿನದಲ್ಲಿ ಒಂದು ಮಗುವೂ ಕಾಣಿಸುವುದಿಲ್ಲ, ಒಂದು ಮಗುವಿನ ನೋಟ್‌ಬುಕ್ಕೂ ಕಾಣಿಸುವುದಿಲ್ಲ. ಮಾಡ್ಯೂಲ್ ಪೂರ್ತಿ ಟೀಚರ್ ಏನು ಮಾಡಬೇಕು ಅನ್ನೋದೇ ಇರುತ್ತದೆ. ಗಣಿತ ಕಿಟ್ ಬಂದಾಗಲೂ ಅಷ್ಟೇ. ಮಣಿ ಸರವನ್ನು ಯಾವ ಕಡೆಯಿಂದ ಎಣಿಸಬೇಕು ಅಂತ ಕಲಿಸಿದ್ದೇ ಕಲಿಸಿದ್ದು. ಟೀಚರ್ ಹೇಳಿದ ಹಾಗೆ ಮಣಿ ಸರಿಸುವ ಮಗು, ಕರಿಹಲಗೆ ನೋಡಿ ಬರೆದುಕೊಳ್ಳುವ ಮಗುವಿಗಿಂತ ಜಾಸ್ತಿ ಯೋಚಿಸುತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ.

ಶಿಕ್ಷಕರನ್ನು ನಂಬುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಅಂತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿಕಲಿ, ಅಂದರೆ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಹುಟ್ಟಿದಾಗ ಆ ಕಾರ್ಡ್‌ಗಳನ್ನು ಕೂತು ಬರೆದವರು ಶಿಕ್ಷಕರೇ. ಆಮೇಲೆ ಅದು ರಾಜ್ಯಕ್ಕೆಲ್ಲಾ ಹರಡಿತು. ಕಾರ್ಡ್ ಬರೆದವರಿಗೆ ಸಿಕ್ಕ ಕಲಿಕೆ, ಕಾರ್ಡ್ ತಲುಪಿದವರಿಗೆ ಸಿಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

"ಮೇಡಂ, ಒಬ್ಬರೇ ಟೀಚರ್, ಮೂರು ತರಗತಿ ಒಟ್ಟಿಗೆ, ಪ್ರತಿ ಮಗುವಿನ ಯೋಚನೆ ಕೇಳ್ತಾ ಕೂರೋಕಾಗುತ್ತಾ?" ಇದು ನಿಜವಾದ ಕಷ್ಟ, ಸೋಮಾರಿತನ ಅಲ್ಲ. ಆದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುವ ಕೋಣೆಗೆ ಈ ದಾರಿ ಚೆನ್ನಾಗಿ ಹೊಂದುತ್ತದೆ. ಕಥೆ ಒಂದೇ, ಸಂಖ್ಯೆ ಬೇರೆ. ಒಬ್ಬರಿಗೆ 8 ಮತ್ತು 13, ಇನ್ನೊಬ್ಬರಿಗೆ 38 ಮತ್ತು 63. ದಿನಕ್ಕೆ ಮೂರು ಮಕ್ಕಳನ್ನು "ಹೇಗೆ ಮಾಡಿದೆ ಪುಟ್ಟಾ?" ಅಂತ ಕೇಳಿದರೂ ಸಾಕು. ಡೇಟಾ ಎಂಟ್ರಿ ಕೆಲಸ ಸ್ವಲ್ಪ ಕಮ್ಮಿ ಮಾಡಿದರೆ ಅದಕ್ಕೆ ಸಮಯ ಖಂಡಿತಾ ಸಿಗುತ್ತೆ. (ಇದನ್ನು ಮೇಲಿನವರು ಓದಿದರೆ ಸಂತೋಷ.)

ಮಕ್ಕಳಿಗೆ ಎಲ್ಲಾ ಗೊತ್ತು, ಸುಮ್ನೆ ಬಿಟ್ಟುಬಿಡಿ ಅನ್ನುವವರ ಜೊತೆಗೂ ನಾನಿಲ್ಲ. 2025ರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ತರಕಾರಿಯ ತೂಕ, ಬೆಲೆ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಹೇಳುವ ಮಕ್ಕಳು ಶಾಲೆಯ ಥರದ ಲೆಕ್ಕ ಕೊಟ್ಟಾಗ ಸೋತರು. ಶಾಲೆಯಲ್ಲಷ್ಟೇ ಕಲಿತ ಮಕ್ಕಳಿಗೆ ಮಾರುಕಟ್ಟೆ ಲೆಕ್ಕ ಕಷ್ಟವಾಯಿತು. ಒಂದು ಕಡೆಯ ಲೆಕ್ಕ ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ. ದಾಟಿಸಲು ಟೀಚರ್ ಬೇಕು. ಎಲ್ಲಿಂದ ದಾಟಿಸಬೇಕು ಅಂತ ಗೊತ್ತಿರುವ ಟೀಚರ್.

ಸಿಜಿಐ ಮಂತ್ರದಂಡವೇನಲ್ಲ. ಆಮೇಲೆ ವರ್ಷಗಟ್ಟಲೆ ನಡೆದ ಇನ್ನೊಂದು ಸಿಜಿಐ ತರಬೇತಿ ಮುಗಿದು ನಾಲ್ಕು ವರ್ಷದ ಮೇಲೆ, ಅದರಲ್ಲಿದ್ದ 22 ಶಿಕ್ಷಕರನ್ನು ಸಂಶೋಧಕರು ಮತ್ತೆ ನೋಡಿದರು. ಮಕ್ಕಳ ಯೋಚನೆಯನ್ನು ಯಾರೂ ಪೂರ್ತಿ ಕೈಬಿಟ್ಟಿರಲಿಲ್ಲ. ಆದರೆ ಅದರಿಂದ ತಾವೂ ಹೊಸದು ಕಲಿಯುತ್ತಾ ಬೆಳೆಯುತ್ತಿದ್ದವರು 10 ಜನ ಮಾತ್ರ. ಅಷ್ಟು ಕಾಲ ಜೊತೆಗೆ ನಿಂತ ಕಾರ್ಯಕ್ರಮದಲ್ಲೇ ಹೀಗೆ. ನಾವು ಕೆಲವು ದಿನದ ತರಬೇತಿ ಕೊಟ್ಟು, ಮುಂದಿನ ವಾರ ಶಾಲೆಗೆ ಹೋಗಿ "ಅನುಷ್ಠಾನ ಆಗಿಲ್ಲ" ಅಂತ ಬರೆದು ಬರ್ತೀವಿ.

ನಾನು ಕೇಳುವುದು ದೊಡ್ಡದಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದು ಹೇಗೂ ಇದ್ದದ್ದೇ, ಅದು ವಾಟ್ಸಾಪ್‌ನಲ್ಲೂ ಬಂದಿರುತ್ತೆ. ಅದರ ಬದಲು ಎಲ್ಲರೂ ಒಂದೇ ಲೆಕ್ಕವನ್ನು ತಮ್ಮ ತರಗತಿಗೆ ಕೊಟ್ಟು, ಮಕ್ಕಳು ಬರೆದದ್ದನ್ನೇ ಹಿಡಿದುಕೊಂಡು ಬನ್ನಿ. ಮೊನ್ನೆ ನಮ್ಮ ಸಭೆಗೆ ಒಬ್ಬರು 52ರಲ್ಲಿ 25 ಕಳೆದ ಹುಡುಗನ ಹಾಳೆ ತಂದಿದ್ದರು. ಸಾಲ ತೆಗೆದುಕೊಂಡಿಲ್ಲ, ಏನಿಲ್ಲ. "50ರಲ್ಲಿ 20 ಹೋದ್ರೆ 30. 2ರಲ್ಲಿ 5 ತೆಗೆಯೋಕೆ 3 ಕಮ್ಮಿ ಬೀಳುತ್ತೆ. 30ರಲ್ಲಿ ಆ 3 ತೆಗೆದ್ರೆ 27." ಇದು ಸರಿಯೋ, ಅದೃಷ್ಟಕ್ಕೆ ಬಂದ ಉತ್ತರವೋ ಅಂತ ಊಟದ ಹೊತ್ತು ಮೀರಿದರೂ ಜಗಳ ನಡೀತು. 83ರಲ್ಲಿ 47 ಕೊಟ್ಟು ನೋಡೋಣ ಅಂದರು ಒಬ್ಬರು. ಇನ್ನೊಬ್ಬರು ಆ ಹುಡುಗನಿಗೇ ಫೋನ್ ಮಾಡಿ ಕೇಳೋಣ ಅಂದರು.