ಮೂರು ರೂಪಾಯಿ ಚಿಲ್ಲರೆ

ಜಾಗ ಇಲ್ಲ, ಜಾಗ ಇಲ್ಲ ಅಂತ ನನ್ನ ಫೋನು ಮೂರು ದಿನದಿಂದ ಗೋಳಾಡುತ್ತಿತ್ತು. ಸರಿ, ಬಂದುಬಿದ್ದ ಗುಡ್ ಮಾರ್ನಿಂಗ್ ಹೂವುಗಳನ್ನೆಲ್ಲ ಅಳಿಸುತ್ತಾ ಕೂತೆ. ಅಡಿಯಲ್ಲೆಲ್ಲೋ ಆ ಫೋಟೊ ಸಿಕ್ಕಿತು. ಕೋಲ್ಕತ್ತದ ಮಳೆ. ಒಂದು ಕಪ್ಪು ಕೊಡೆ, ಅದರ ಒಂದು ಕಡ್ಡಿ ಮುರಿದು ಜೋತುಬಿದ್ದಿದೆ. ಕೊಡೆಯ ಕೆಳಗೆ ಇಬ್ಬರು ಮುದುಕರು. ಒಬ್ಬರ ಕೊರಳಲ್ಲಿ ಹಸಿರು-ಮರೂನ್ ಶಾಲು. ಇನ್ನೊಬ್ಬರ ಮೈಮೇಲೆ ಕೆಂಪು-ಹಳದಿ ಜರ್ಸಿ, ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ಅವರ ಹೆಗಲ ಮೇಲೆ ಇವರ ಕೈ.

ನೋಡಿದವರಿಗೆಲ್ಲ ಕಣ್ಣು ತುಂಬಿ ಬರುವಂಥ ಫೋಟೊ. ನನಗೆ ಸಿಟ್ಟು ಬಂತು.

ಯಾಕೆಂದರೆ ಈ ಇಬ್ಬರ ನಡುವೆ ನಾನು ನಾಲ್ಕು ವರ್ಷ ಕೂತಿದ್ದೇನೆ. ಬ್ಯಾಂಕಿನ ಕೆಲಸ; ಕುಂದಾಪುರದವನನ್ನು ಎತ್ತಿ ಕೋಲ್ಕತ್ತಕ್ಕೆ ಹಾಕಿದ್ದರು. ಎಡಕ್ಕೆ ಕ್ಯಾಶ್ ಕೌಂಟರ್, ಬಲಕ್ಕೆ ಸಾಲದ ಟೇಬಲ್, ಮಧ್ಯೆ ನಾನು. ಅಲ್ಲಿ ನಮಗಿಂತ ದೊಡ್ಡವರೆಲ್ಲ ದಾದಾ. ಹಾಗಾಗಿ ಎಡಗಡೆಯವರು ಕ್ಯಾಶ್ ದಾದಾ, ಬಲಗಡೆಯವರು ಲೋನ್ ದಾದಾ. ಕ್ಯಾಶ್ ದಾದಾ ಘೋಟಿ, ಅಂದರೆ ತಲೆತಲಾಂತರದಿಂದ ಪಶ್ಚಿಮ ಬಂಗಾಳದವರು, ಫುಟ್ಬಾಲಿನಲ್ಲಿ ಮೋಹನ್ ಬಗಾನ್ ಕ್ಲಬ್ಬಿನ ಕಡೆ. ಲೋನ್ ದಾದಾ ಬಾಂಗಾಲ್, ದೇಶ ಒಡೆದಾಗ ಅಪ್ಪ ಢಾಕಾ ಕಡೆಯಿಂದ ಬಂದವರು, ಎದುರಾಳಿ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಡೆ. ಗೊತ್ತಿದ್ದವರಿಗೆ ಇಷ್ಟು ಸಾಕು. ಗೊತ್ತಿಲ್ಲದವರು ನನ್ನ ಹಾಗೆ ನಾಲ್ಕು ವರ್ಷ ಅಲ್ಲಿ ಕೂತು ಬರಲಿ.

ಮೊದಲ ದಿನವೇ ಪ್ರಶ್ನೆ ಬಂತು. ‘ನೀವು ಯಾವ ಕಡೆ?’ ಯಾವ ಕಡೆಯೂ ಅಲ್ಲ ಅಂದೆ. ನಾನು ಅನ್ನ ತಿನ್ನೋದಿಲ್ಲ ಅಂದ ಹಾಗೆ ಇಬ್ಬರೂ ನನ್ನ ಮುಖ ನೋಡಿದರು. ‘ನಮ್ಮ ಬೆಂಗಳೂರಿನ ಬಾಬು ಮಣಿ ನಿಮ್ಮ ಎರಡೂ ಕ್ಲಬ್ಬಿಗೆ ಆಡಿದ್ದಾರಲ್ಲ, ನನ್ನನ್ನೂ ಹಾಗೇ ಅಂದುಕೊಳ್ಳಿ’ ಅಂತ ಜಾಣತನ ತೋರಿಸಿದೆ. ಕ್ಯಾಶ್ ದಾದಾ ನೋಟಿನ ಕಟ್ಟಿನಿಂದ ತಲೆ ಎತ್ತಲಿಲ್ಲ. ‘ಅವರಿಗೆ ದುಡ್ಡು ಕೊಡುತ್ತಿದ್ದರು. ನಿಮಗೆ ಯಾರು ಕೊಡ್ತಾರೆ?’

ಪಂದ್ಯದ ವಾರ ಅವರಿಬ್ಬರೂ ನೇರ ಮಾತಾಡುತ್ತಿರಲಿಲ್ಲ. ‘ಆ ಟೇಬಲ್ಲಿನವರಿಗೆ ಹೇಳಿ, ವೋಚರ್ ಕಳಿಸಲಿ.’ ‘ಕಳಿಸಿ ಆಯ್ತು ಅಂತ ಹೇಳಿ.’ ಅವರ ನಡುವೆ ಇದ್ದದ್ದು ಎಂಟು ಅಡಿ. ಆ ಎಂಟು ಅಡಿಯ ಟಪಾಲು ನಾನು.

2009ರ ಅಕ್ಟೋಬರ್ 25, ಭಾನುವಾರ. ಮೋಹನ್ ಬಗಾನ್ ಐದು, ಈಸ್ಟ್ ಬೆಂಗಾಲ್ ಮೂರು. ಚಿಡಿ ಎಡೆ ಒಬ್ಬರೇ ನಾಲ್ಕು ಗೋಲು ಹೊಡೆದರು. ಸೋಮವಾರ ಲೋನ್ ದಾದಾಗೆ ಜ್ವರ. ಮಂಗಳವಾರ ಬಂದರೆ ಟೇಬಲ್ಲಿನ ನಟ್ಟನಡುವೆ ಒಂದು ಐದು ರೂಪಾಯಿ ನಾಣ್ಯ. ಹೊಸದು, ಫಳಫಳ. ಅವರು ಏನೂ ಅನ್ನದೆ ನಾಣ್ಯವನ್ನು ನನ್ನ ಟೇಬಲ್ಲಿಗೆ ಸರಿಸಿದರು. ನಾನು ಎಡಕ್ಕೆ ಸರಿಸಿದೆ. ಮಧ್ಯಾಹ್ನ ಅದು ಮತ್ತೆ ಬಲಕ್ಕೆ. ಶುಕ್ರವಾರದವರೆಗೆ ಇದೇ ಕೆಲಸ. ಕೊನೆಗೆ ಲೋನ್ ದಾದಾ ಎದ್ದು ಕೌಂಟರಿಗೇ ಹೋದರು. ‘1975ರ ಐಎಫ್ಎ ಶೀಲ್ಡ್ ಫೈನಲ್ಲಿನಲ್ಲಿ ನಾವು ನಿಮಗೆ ಕೊಟ್ಟ ಐದು ಪೂರ್ತಿ ಐದು. ಐದಕ್ಕೆ ಸೊನ್ನೆ. ನೀವು ಈಗ ಕೊಟ್ಟ ಐದರಲ್ಲಿ ಮೂರು ನಮ್ಮದು. ಚಿಲ್ಲರೆ ವಾಪಸ್ ಕೊಡಿ.’ ಸಾಲಿನಲ್ಲಿ ಹನ್ನೆರಡು ಗಿರಾಕಿಗಳು. ಕ್ಯಾಶ್ ದಾದಾ ಕನ್ನಡಕ ಸರಿಮಾಡಿಕೊಂಡು, ಲೋಕದ ಕ್ಯಾಶಿಯರುಗಳೆಲ್ಲ ಹೇಳುವುದನ್ನೇ ಹೇಳಿದರು. ‘ಚಿಲ್ಲರೆ ಇಲ್ಲ.’

ಇದಾದರೂ ತಡೆದುಕೊಳ್ಳಬಹುದು. ಮೀನಿನ ವಿಷಯ ಮಾತ್ರ ಆಗಲಿಲ್ಲ.

ಬಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್. ಗೆದ್ದ ಸಂಜೆ ಮಾರ್ಕೆಟ್ಟಿನಲ್ಲಿ ಆ ಮೀನಿನ ರೇಟು ಏರುತ್ತದೆ. ಸಿಗಡಿ ಅಂದರೆ ನಮ್ಮ ಕಡೆಯ ಚಟ್ಲಿ, ನನಗೆ ಹೊಸದಲ್ಲ. ಆದರೆ ಲೋನ್ ದಾದಾ ಅದನ್ನು ಮೀನು ಅಂತ ಒಪ್ಪುವುದಿಲ್ಲ. ‘ಅದು ನೀರಿನ ಹುಳ. ಹುಳ ತಿನ್ನೋರು ಫುಟ್ಬಾಲ್ ಏನು ಆಡ್ತಾರೆ?’ ಸರಿಯಾದ ಮೀನು ತಿನ್ನಿಸುತ್ತೇನೆ ಅಂತ ಒಂದು ಭಾನುವಾರ ಜಾದವಪುರದ ಮನೆಗೆ ಕರೆದುಕೊಂಡು ಹೋದರು. ಬೌದಿ, ಅಂದರೆ ನಮಗೆ ಅತ್ತಿಗೆ, ಸಾಸಿವೆ ಅರೆದು ಹಾಕಿದ ಇಲಿಶ್ ಬಡಿಸಿದರು. ಪರಿಮಳಕ್ಕೆ ಕೈ ಮುಗಿಯಬೇಕು, ಅದರಲ್ಲಿ ಸುಳ್ಳಿಲ್ಲ. ಆದರೆ ಸ್ವಾಮಿ, ಇಲಿಶ್ ಅನ್ನುವುದು ಮುಳ್ಳುಗಳ ಮಧ್ಯೆ ಅಲ್ಲಲ್ಲಿ ಸಿಗುವ ಮೀನು. ಕೂದಲಿನಂಥ ಮುಳ್ಳು, ಕವಲೊಡೆದ ಮುಳ್ಳು, ಮುಳ್ಳಿನೊಳಗೆ ಮುಳ್ಳು. ಅವರ ಮನೆಯ ಐದು ವರ್ಷದ ಮಗು ಮಾತಾಡುತ್ತಲೇ ಒಂದೊಂದಾಗಿ ಉಗಿಯುತ್ತಿತ್ತು. ನಾನು ಕಾಣೆ ಮೀನು ತಿಂದು ಬೆಳೆದವನು. ನಡುಮುಳ್ಳು ಹಿಡಿದು ಎಳೆದರೆ ಮುಗಿಯಿತು, ಮಿಕ್ಕದ್ದೆಲ್ಲ ಮೀನು.

ನಮ್ಮೂರಿನ ಬಂಗುಡೆ, ಅಂಜಲ್ ಬಗ್ಗೆ ಹೇಳಿದೆ. ಬೌದಿ ಮರುಕದಿಂದ ಕೇಳಿದರು. ‘ಅಯ್ಯೋ, ಸಮುದ್ರದ ಮೀನಾ? ಅದನ್ನು ತಿಂತೀರಾ?’ ಅವರಿಗೆ ನದಿಯದ್ದು, ಕೆರೆಯದ್ದು ಮಾತ್ರ ಮೀನು. ನಮ್ಮದು ಬರಗಾಲದಲ್ಲಿ ತಿನ್ನುವ ಪದಾರ್ಥ. ನನಗೆ ಉರಿದುಹೋಯಿತು. ‘ಇಲಿಶ್ ಕೂಡ ಸಮುದ್ರದ್ದೇ ಅಲ್ವಾ ಬೌದಿ? ಮೊಟ್ಟೆ ಇಡೋದಕ್ಕೆ ತಾನೇ ನದಿ ಹತ್ತೋದು?’ ಅಂದುಬಿಟ್ಟೆ. ನಿಜವೇ. ಆದರೆ ನಿಜ ಅನ್ನುವುದೆಲ್ಲ ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳುವಂಥದ್ದಲ್ಲ. ಯಾರೂ ಮಾತಾಡಲಿಲ್ಲ. ಆ ಮೌನದಲ್ಲೇ ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು.

ಮುಳ್ಳು ಸಿಕ್ಕಿಕೊಂಡವನಿಗೆ ಮರ್ಯಾದೆ ಇರುವುದಿಲ್ಲ. ಬೌದಿ ಬೆನ್ನು ತಟ್ಟಿದರು, ಮಗು ಕಿಸಕ್ಕನೆ ನಕ್ಕಿತು. ಲೋನ್ ದಾದಾ ಅವರ ಅಪ್ಪ, ಎಂಬತ್ತು ದಾಟಿದವರು, ನಡುಗುವ ಕೈಯಲ್ಲಿ ಬರೀ ಅನ್ನದ ಉಂಡೆ ಕಟ್ಟಿ ನನ್ನ ಬಾಯಿಗೇ ಇಟ್ಟರು. ಅಗಿಯಬೇಡ, ನುಂಗು. ನಮ್ಮಮ್ಮ ಮಾಡುತ್ತಿದ್ದದ್ದೂ ಅದೇ. ಎರಡನೇ ಉಂಡೆ ನುಂಗುವಾಗ ಮುದುಕರು ಕೇಳಿದರು. ‘ನೀನು ಅಹ್ಮದ್ ಖಾನ್ ಊರಿನ ಕಡೆಯವನಾ?’ ಬೆಂಗಳೂರಿನ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್ ಆಡಿದವರು, ಆಮೇಲೆ ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಐದು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರು. ಕುಂದಾಪುರಕ್ಕೂ ಬೆಂಗಳೂರಿಗೂ ಒಂದು ರಾತ್ರಿಯ ಬಸ್ಸಿನ ದೂರ ಅಂತ ವಿವರಿಸಲು ಬಾಯಲ್ಲಿ ಜಾಗ ಇರಲಿಲ್ಲ. ತಲೆ ಆಡಿಸಿದೆ. ಮುದುಕರು ಕಣ್ಣು ಮುಚ್ಚಿಕೊಂಡರು. ತಟ್ಟೆಯ ಪಕ್ಕದ ಚಾಪೆಯ ಮೇಲೆ ಎರಡು ಬೆರಳು ಕಾಲಿನ ಹಾಗೆ ಓಡಿದವು. ಒಂದು ಮುಳ್ಳನ್ನು ತಪ್ಪಿಸಿದವು, ಇನ್ನೊಂದನ್ನು ತಪ್ಪಿಸಿದವು, ನೀರಿನ ಲೋಟದ ಹತ್ತಿರ ನಿಂತವು. ಗೋಲು.

ಮಾರನೇ ದಿನ ‘ಇವನು ನಮ್ಮವನು’ ಅಂತ ಬ್ರಾಂಚಿನಲ್ಲೆಲ್ಲ ಸುದ್ದಿ. ಆ ತಿಂಗಳು ನಾನು ದುಡ್ಡು ತೆಗೆಯಲು ಹೋದರೆ ಕ್ಯಾಶ್ ದಾದಾ ಆರಿಸಿ ಆರಿಸಿ ಹರಿದ ನೋಟುಗಳನ್ನೇ ಕೊಟ್ಟರು.

ಇಷ್ಟೆಲ್ಲ ಅನುಭವಿಸಿದವನು ನಾನು. ಈಗ ನೋಡಿದರೆ ಇಬ್ಬರೂ ಒಂದೇ ಕೊಡೆಯಲ್ಲಿ! ಜಗಳ ಆಡಿದವರು ರಾಜಿಯಾದರೆ ಜನ ಚಪ್ಪಾಳೆ ತಟ್ಟುತ್ತಾರೆ. ಮಧ್ಯೆ ಸಿಕ್ಕಿ ನುಜ್ಜಾದವನನ್ನು ಯಾರು ಕೇಳ್ತಾರೆ?

ಪೂರ್ತಿ ಸತ್ಯ ಹೇಳಬೇಕೆಂದರೆ ಆಗಲೂ ಒಂದು ದಿನ ಅವರು ಒಟ್ಟಿಗೆ ಹೋಗುತ್ತಿದ್ದರು. ಆಗಸ್ಟ್ 16. 1980ರಲ್ಲಿ ಆ ದಿನ ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯ. ಗಲಾಟೆ, ಕಾಲ್ತುಳಿತ, 16 ಜನ ನೋಡಲು ಹೋದವರು ಮನೆಗೆ ಬರಲಿಲ್ಲ. ಅವರ ನೆನಪಿಗೆ ಪ್ರತಿ ವರ್ಷ ರಕ್ತದಾನ ನಡೆಯುತ್ತದೆ. ಇಬ್ಬರೂ ಅರ್ಧ ದಿನ ರಜೆ ಹಾಕಿ, ತೋಳಿಗೆ ಹತ್ತಿ ಅಂಟಿಸಿಕೊಂಡು ವಾಪಸ್ ಬರುತ್ತಿದ್ದರು. ಆ ದಿನದ ಬಗ್ಗೆ ಇಬ್ಬರೂ ಏನೂ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಫೋಟೊ 2024ರ ಆಗಸ್ಟ್ 18ರದ್ದು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಆ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದದ್ದು ನಿಮಗೆ ಗೊತ್ತೇ ಇದೆ. ಊರಿಗೆ ಊರೇ ಬೀದಿಯಲ್ಲಿತ್ತು. ಅವತ್ತಿನ ಡುರಾಂಡ್ ಕಪ್ ಪಂದ್ಯ ಇವೆರಡು ತಂಡಗಳದ್ದೇ. ಬಂದೋಬಸ್ತಿಗೆ ಪೊಲೀಸರು ಸಾಲದು ಅಂತ ರದ್ದಾಯಿತು. ಪಂದ್ಯವೇ ಇಲ್ಲದ ಸಾಲ್ಟ್ ಲೇಕ್ ಸ್ಟೇಡಿಯಂ ಮುಂದೆ ಎರಡೂ ಕಡೆಯವರು ಬಂದು ನಿಂತರು. ಊರಿನ ಇನ್ನೊಂದು ದೊಡ್ಡ ಕ್ಲಬ್ಬು ಮೊಹಮ್ಮಡನ್ ಸ್ಪೋರ್ಟಿಂಗ್‌ನವರೂ ಬಂದರು, ಬಗಾನ್ ಕ್ಯಾಪ್ಟನ್ ಶುಭಾಶಿಶ್ ಬೋಸ್ ಕೂಡ ಬಂದರು. ಎರಡು ಗ್ಯಾಲರಿಗೆ ಒಂದೇ ದನಿ ಅಂತ ಕೂಗಿದರು. ಪಂದ್ಯಕ್ಕೆ ಸಾಲದ ಪೊಲೀಸರು ಲಾಠಿ ಬೀಸಲು ಮಾತ್ರ ಸಾಕಷ್ಟಿದ್ದರು. ನಮ್ಮ ಇಬ್ಬರು ಮುದುಕರ ಕೊಡೆಯ ಕಡ್ಡಿ ಮುರಿದದ್ದು ಆ ನೂಕಾಟದಲ್ಲೇ ಅಂತೆ.

ಫೋಟೊ ಅಳಿಸಲಿಲ್ಲ. ಲೋನ್ ದಾದಾಗೆ ಫೋನ್ ಮಾಡಿದೆ. ಹೇಗಿದೆ ನಿಮ್ಮ ದೋಸ್ತಿ ಅಂತ ಸ್ವಲ್ಪ ಕೊಂಕಾಗಿಯೇ ಕೇಳಿದೆ. ಅವರು ಮಗನ ಕಥೆ ತೆಗೆದರು. ಮಗ ನಿಮ್ಮ ವೈಟ್‌ಫೀಲ್ಡಿನಲ್ಲೇ ಇದ್ದಾನೆ, ರಾತ್ರಿ ಒಂದು ಗಂಟೆಗೆ ಎದ್ದು ಯಾವುದೋ ಇಂಗ್ಲೆಂಡಿನ ತಂಡದ ಮ್ಯಾಚು ನೋಡ್ತಾನೆ, ಈಸ್ಟ್ ಬೆಂಗಾಲ್ ಸೋತರೆ ‘ಹೌದಾ ಬಾಬಾ’ ಅಂತಾನೆ, ಅಷ್ಟೆ. ‘ಹೌದಾ ಅಂತೆ! ಅವನಿಗಿಂತ ಈ ಘೋಟಿಯೇ ವಾಸಿ. ಸೋತ ರಾತ್ರಿ ಮೊದಲ ಫೋನು ಇವನದ್ದೇ ಬರುತ್ತೆ, ಬೈಯೋದಕ್ಕೆ.’

ಪಕ್ಕದಲ್ಲೇ ಕೂತಿದ್ದಾರೆ, ಮಾತಾಡಿ ಅಂತ ಫೋನು ಕೊಟ್ಟರು. ಕುಶಲ ಕೇಳಿದ ಮೇಲೆ ತಡೆಯಲಾಗಲಿಲ್ಲ. ‘ದಾದಾ, ಆ ಮೂರು ರೂಪಾಯಿ ಅವರಿಗೆ ಕೊಟ್ಟಿರಾ?’

ಆ ಕಡೆ ಟೀ ಹೀರಿದ ಸದ್ದು.

‘ಚಿಲ್ಲರೆ ಇಲ್ಲ.’